ಹಸಿ ಜಗಳ ಮುಟ್ಟದ ನಮ್ಮ ಮಾವನವರು

ನಮ್ಮ ಕಮತಗಿಯಲ್ಲಿ ಈಗಲೂ "ಯಜಮಾನರು" ಎಂದರೆ ನಮ್ಮ ಮಾವನವರೇ. ಅವರು ತೀರಿಕೊಂಡು ಏಳು ವರ್ಷವಾಯಿತು. ಅವರಿಗಿಂತ ಹೆಚ್ಚು ಹೊಲ ಇದ್ದವರು, ಹೆಚ್ಚು ಮಗ್ಗ ನಡೆಸುವವರು ಊರಲ್ಲಿದ್ದಾರೆ. ಆದರೆ ಆ ಹೆಸರು ಬೇರೆ ಯಾರ ಮೈಗೂ ಹತ್ತಿಲ್ಲ. ನಾನು ಅವರ ಹಿರಿಯ ಮಗನ ಹೆಂಡತಿ. ಮಾವನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಆದ್ದರಿಂದ ಇಲ್ಲಿಯೂ ಹೇಳುವುದಿಲ್ಲ. ಬರೀ ಗೌರವಕ್ಕಾಗಿ ಹೇಳಲಿಲ್ಲ ಎಂದು ಓದುವವರು ತಿಳಿಯಬೇಕಾಗಿಲ್ಲ.

ಪ್ಲೇಗಿನ ಹಾವಳಿ ತಗ್ಗಿದ ಎರಡು ವರ್ಷಕ್ಕೆ ನಾನು ಆ ಮನೆಗೆ ಬಂದೆ. ತವರು ಬಾಗಲಕೋಟೆ, ಅಲ್ಲಿ ಹೆಣ್ಣುಮಕ್ಕಳ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೆ. ಮಾವನವರದು ನೂಲಿನ ವ್ಯಾಪಾರ. ವ್ಯಾಪಾರವನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಿದ್ದರು, ಮಾವನವರು ಊರನ್ನು ನೋಡಿಕೊಳ್ಳುತ್ತಿದ್ದರು. ಎತ್ತರದ ಆಳು, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಕೆ ಕೆಡದ ಶಲ್ಯ. ಬೆಳಿಗ್ಗೆ ಪೂಜೆ ಮುಗಿಸಿ, ರೊಟ್ಟಿ ತಿಂದು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತರೆಂದರೆ ಮಧ್ಯಾಹ್ನದವರೆಗೆ ಅಲ್ಲಿಂದ ಏಳುತ್ತಿರಲಿಲ್ಲ. ಬಲಗೈಯ ಹತ್ತಿರ ಹಿತ್ತಾಳೆಯ ನಶ್ಯದ ಡಬ್ಬಿ. ಜನ ತಮ್ಮ ತಮ್ಮ ತಂಟೆ ತಕರಾರು ಹೊತ್ತುಕೊಂಡು ಬರುತ್ತಿದ್ದರು. ಮಾವನವರು ಅರ್ಧ ಕಣ್ಣು ಮುಚ್ಚಿ ಕೇಳುವರು. ಜಗಳ ದೊಡ್ಡದಿದ್ದರೆ ಡಬ್ಬಿಯಿಂದ ಒಂದು ಚಿಟಿಕೆ ಏರಿಸಿ, "ಹೇಳು, ಮೊದಲಿಂದ ಹೇಳು" ಅನ್ನುವರು. ಸಣ್ಣದಿದ್ದರೆ ತೆರೆದಿದ್ದ ಮುಚ್ಚಳವನ್ನು ಟಕ್ಕನೆ ಮುಚ್ಚಿ, "ಇದು ಇನ್ನಾ ಹಸಿ ಐತಿ. ಹಣ್ಣಾಗ್ಲಿ, ಆಮ್ಯಾಲ ಬಾ" ಅನ್ನುವರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಮುಚ್ಚಳದ ಸದ್ದಿನಿಂದಲೇ ಬಂದವನ ಗತಿ ತಿಳಿಯುತ್ತಿತ್ತು.

ಇದು ದೊಡ್ಡವರ ವಿವೇಕವಿರಬೇಕು ಎಂದು ಮೊದಲ ವರ್ಷ ನಾನೂ ನಂಬಿದ್ದೆ. ಎರಡೂ ಕಡೆಯವರು ತಾವಾಗಿ ತಣ್ಣಗಾಗಲಿ ಎಂದು ಬಿಡುತ್ತಾರೆ ಅಂದುಕೊಂಡಿದ್ದೆ. ಐಹೊಳೆಯ ಕಡೆಯ ಒಬ್ಬ ರೈತನ ಸಂಗತಿ ನೋಡಿದ ಮೇಲೆ ಆ ನಂಬಿಕೆ ಹೋಯಿತು. ಪಕ್ಕದವನ ಆಡುಗಳು ತನ್ನ ಜೋಳಕ್ಕೆ ನುಗ್ಗುತ್ತವೆ, ಬೇಲಿಗೆ ನಾಲ್ಕು ಮುಳ್ಳುಕಂಟಿ ಹಚ್ಚಲು ಒಂದು ಮಾತು ಹೇಳಿರಿ ಎಂದು ಅವನು ಬಂದ. ಮುಚ್ಚಳ ಟಕ್ಕೆಂದಿತು. ಮುಂದಿನ ಸುಗ್ಗಿಗೆ ಒಂದು ಆಡಿನ ಕಾಲು ಮುರಿಯಿತು. ಅದರ ಮುಂದಿನ ಸುಗ್ಗಿಗೆ ಒಬ್ಬನ ತಲೆ ಒಡೆಯಿತು. ಎರಡು ಓಣಿಗಳ ನಡುವೆ ಕೊಡು-ಕೊಳ್ಳುವುದು ನಿಂತಿತು. ಆಗ ಮಾವನವರು ಬಂಡಿ ಹೂಡಿಸಿದರು. ಮೂರು ದಿನ ಅಲ್ಲಿದ್ದು, ಎರಡೂ ಕಡೆಯವರ ಕೈ ಹಿಡಿಸಿ, ತಲೆಯ ಮೇಲೆ ಹೊಸ ರುಮಾಲು ಸುತ್ತಿಸಿಕೊಂಡು ಬಂದರು. ಬಂದವರೇ ನಮ್ಮನ್ನೆಲ್ಲ ಕೂರಿಸಿಕೊಂಡು ಅಲ್ಲಿ ತಾವು ಆಡಿದ ಮಾತನ್ನು ಮತ್ತೊಮ್ಮೆ ಆಡಿ ತೋರಿಸಿದರು. ತಲೆ ಒಡೆಸಿಕೊಂಡವನು ಬದುಕಿದನೋ ಇಲ್ಲವೋ ಎಂದು ನಮ್ಮ ಅತ್ತೆ ಕೇಳಿದರು. "ಅದಾನ, ಅದಾನ" ಎಂದು ಮಾವನವರು ಮಾತು ಮುಂದುವರಿಸಿದರು.

ಮನೆಯಲ್ಲೂ ಅವರದು ಅದೇ ನಡೆ. ತಲಬಾಗಿಲ ಕದದ ಕೆಳಗಿನ ಮೊಳೆ ಸವೆದು, ಕದ ನೆಲಕ್ಕೆ ಕೆರೆಯುತ್ತಿತ್ತು. ಬಡಿಗನನ್ನು ಕರೆಸೋಣ ಎಂದರೆ "ನೋಡೂಣು" ಅನ್ನುವರು. ಒಂದು ವರ್ಷ ನಾವೆಲ್ಲ ಕದವನ್ನು ಎತ್ತಿ ಎತ್ತಿ ತೆರೆದೆವು. ಕೊನೆಗೆ ನನ್ನ ಮೈದುನನಿಗೆ ಹೆಣ್ಣು ಕೊಡಲು ಬಂದ ಬೀಗರ ಎದುರಿಗೇ ಅದು ಚೌಕಟ್ಟು ಸಹಿತ ಕಳಚಿ ಬಿತ್ತು. ಆಗ ಗುಳೇದಗುಡ್ಡದಿಂದ ಬಡಿಗರು ಬಂದರು, ಹೂಬಳ್ಳಿ ಕೊರೆದ ತೇಗದ ಬಾಗಿಲು ಬಂತು. ಬಂದವರಿಗೆಲ್ಲ ಅದನ್ನು ತಟ್ಟಿ ತೋರಿಸಿ, "ನಾ ಮಾಡಿಸಿದ್ದು" ಅನ್ನುವರು. ಹಲ್ಲು ನೋವಿನ ಕತೆಯೂ ಹೀಗೆಯೇ. ಒಂದು ಹಲ್ಲನ್ನು ಕೀಳಿಸಲು ಆರು ತಿಂಗಳು ಒಲ್ಲೆ ಎಂದು, ದವಡೆ ಬಾತು, ಬಾಯಿ ತೆರೆಯದಂತಾಗಿ, ಮೂರು ಹಲ್ಲು ಕೀಳಿಸಿಕೊಂಡರು. ಆ ಮೂರು ಹಲ್ಲು ಕಿತ್ತ ದಿನ ತಾವು ಅಯ್ಯೋ ಅನ್ನಲಿಲ್ಲ ಎಂಬ ಶೌರ್ಯವನ್ನು ಒಂದು ವರ್ಷ ಕೇಳಿದೆವು.

ಅತ್ತೆಯವರ ರೀತಿ ಬೇರೆ. ಒಮ್ಮೆ ಬಾವಿಯ ಕಟ್ಟೆಯಲ್ಲಿ ಇಬ್ಬರು ಹೆಂಗಸರು ಹಗ್ಗದ ಸಲುವಾಗಿ ಕೈ ಕೈ ಹತ್ತುವಂತಾದರು. ಅತ್ತೆ ಅಲ್ಲಿ ಏನೂ ಅನ್ನಲಿಲ್ಲ. ಮನೆಗೆ ಬಂದು, ಎಮ್ಮೆ ಈದಿತ್ತು, ಗಿಣ್ಣ ಕಾಸಿ, ಒಬ್ಬಳ ಮನೆಗೆ ಕಳಿಸುವ ಪಾತ್ರೆಯನ್ನು ಇನ್ನೊಬ್ಬಳ ಕೈಯಲ್ಲಿ ಕೊಟ್ಟು, "ನನಗ ಮಣಕಾಲು ನೋವು, ಹೋಗೂದಾಗೂದಿಲ್ಲ, ನೀ ಒಂದೀಟು ಮುಟ್ಟಿಸವ್ವಾ" ಎಂದರು. ಅಲ್ಲಿಗೆ ಹಗ್ಗದ ಮಾತು ಮುಗಿಯಿತು. ಸಂಜೆ ಮಾವನವರಿಗೆ ಇದು ಹೇಗೋ ತಿಳಿದು, "ಒಂದು ಖಟ್ಲೆ ಕೆಡಿಸಿದಿ ನೋಡು" ಎಂದರು. ಚೇಷ್ಟೆಗೆ ಅಂದದ್ದಲ್ಲ. ನಿಜವಾಗಿಯೂ ಅವರ ಮುಖ ಸಣ್ಣದಾಗಿತ್ತು. ಅತ್ತೆ ಹೀಗೆ ಮುಗಿಸಿದ ಜಗಳಗಳು ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಮುಗಿದುಹೋದದ್ದು ಯಾರ ನೆನಪಿಗೆ ಬರುತ್ತದೆ? ಅವರಿಗೆ ಯಾರೂ ಏನೂ ಸುತ್ತಲಿಲ್ಲ. ನಾನು ಬಂದ ನಾಲ್ಕನೆಯ ವರ್ಷ ಅತ್ತೆ ತೀರಿಕೊಂಡರು.

ಮಾವನವರಲ್ಲಿ ಒಳ್ಳೆಯದೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಯಾರ ಕೈಯಿಂದಲೂ ಲಂಚ ಮುಟ್ಟಲಿಲ್ಲ. ಜಾತಿ ನೋಡಿ ನ್ಯಾಯ ಹೇಳಲಿಲ್ಲ. ಮೂವತ್ತು ವರ್ಷದ ಹಿಂದಿನ ಮಾತನ್ನು ಆಡಿದವನ ಧ್ವನಿಯಲ್ಲೇ ಆಡಿ ತೋರಿಸುವ ನೆನಪು ಅವರಿಗಿತ್ತು. ಇಷ್ಟೆಲ್ಲ ಇದ್ದೂ ಅವರು ಸಣ್ಣದಕ್ಕೆ ಬಗ್ಗಲಿಲ್ಲ. ಸಣ್ಣದಕ್ಕೆ ಬಗ್ಗಿದರೆ ನೋಡಲು ಜನ ಕೂಡುವುದಿಲ್ಲ. ನನ್ನ ತಿರಸ್ಕಾರ ಇರುವುದು ಅಲ್ಲಿ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಈರಣ್ಣ, ಸಂಗಪ್ಪ ಎಂಬ ಅಣ್ಣ ತಮ್ಮ ಇದ್ದರು. ನೇಕಾರರು, ಇಬ್ಬರೂ ಸೀರೆ ನೇಯ್ದು ಇಳಕಲ್ಲಿನ ಸಂತೆಗೆ ಒಯ್ಯುತ್ತಿದ್ದರು. ತಂದೆಯ ಮನೆಯನ್ನು ಹಂಚಿಕೊಂಡಾಗ ಎತ್ತರದ ಮುಂಭಾಗ ಅಣ್ಣ ಈರಣ್ಣನಿಗೂ ತಗ್ಗಿನ ಹಿಂಭಾಗ ತಮ್ಮ ಸಂಗಪ್ಪನಿಗೂ ಬಂದಿತ್ತು. ಈರಣ್ಣನ ಮಾಳಿಗೆಯ ನೀರೆಲ್ಲ ಒಂದು ಹರನಾಳಿಗೆಯಿಂದ ಹೊರಬಿದ್ದು ಸಂಗಪ್ಪನ ಮಣ್ಣಿನ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಮನೆ ಒಂದೇ ಇದ್ದಾಗ ಅಲ್ಲಿ ಬರಿಯ ಹಿತ್ತಲಿತ್ತು, ನೀರು ಬಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹಂಚಿಕೆಯ ಮೇಲೆ ಸಂಗಪ್ಪ ಅಲ್ಲಿ ಗೋಡೆ ಎಬ್ಬಿಸಿ, ಅದರ ಒಳಬದಿಗೇ ತನ್ನ ಕುಣಿಮಗ್ಗ ಹಾಕಿಕೊಂಡಿದ್ದ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ತುಳಿದು ನೇಯುವ ಮಗ್ಗ.

ಮೊದಲ ಮಳೆಗೆ ಗೋಡೆಗೆ ತೇವ ಹತ್ತಿತು. ತೇವಕ್ಕೆ ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ಗಂಜಿ ಮೆತ್ತಗಾಗಿ ಎಳೆಗಳು ಪಟಪಟ ಹರಿಯತೊಡಗಿದವು. ಸಂಗಪ್ಪ ಅಣ್ಣನಿಗೆ ಹೇಳಿದ: "ಆ ಹರನಾಳಗಿ ಒಂದು ಮೊಳ ಆಚೀಕ ತಿರಗಸು." ಅಣ್ಣ, "ಅಪ್ಪ ಇಟ್ಟ ಹರನಾಳಗಿ, ಇರ್ಲಿ ಬಿಡು" ಎಂದ. ಅಷ್ಟೇ ಮಾತು. ಆ ಹೊತ್ತಿಗೆ ಇಬ್ಬರ ಮನಸ್ಸಿನಲ್ಲೂ ಏನೂ ಇರಲಿಲ್ಲ. ಸಂಗಪ್ಪ ನಮ್ಮ ಪಡಸಾಲೆಗೆ ಬಂದು ಇದನ್ನೇ ಹೇಳಿ, "ಯಜಮಾನ್ರ, ನೀವು ಒಂದು ಮಾತು ಅಂದ್ರ ಅಣ್ಣ ಕೇಳ್ತಾನ್ರಿ" ಎಂದ. ಕೇಳುತ್ತಿದ್ದ. ಈರಣ್ಣ ಕೆಟ್ಟವನಲ್ಲ, ಮೈಗಳ್ಳ. ಮಾಳಿಗೆ ಹತ್ತುವುದಕ್ಕೆ ಬೇಸರ.

ಮುಚ್ಚಳ ಟಕ್ಕೆಂದಿತು. "ನೀ ಒಬ್ಬನ ಬಂದಿ. ಇಬ್ರೂ ಬಂದಾಗ ಜಗಳ ಅನಸ್ತೈತಿ. ಹಣ್ಣಾಗ್ಲಿ."

ಎರಡನೆಯ ವರ್ಷ ಗೋಡೆಯ ಬುಡ ಉಬ್ಬಿತು. ಆ ಉಬ್ಬನ್ನು ಕುರಿತು ಆಡಿದ ಮಾತು ಹಂಚಿಕೆಯ ಮಾತಾಯಿತು. ಹಂಚಿಕೆಯ ಮಾತು ಸತ್ತ ತಾಯಿಯ ಮೈಮೇಲಿನ ಒಡವೆಯ ಮಾತಾಯಿತು. ಈರಣ್ಣ ತಮ್ಮನ ಮಕ್ಕಳನ್ನು ಅಂಗಳಕ್ಕೆ ಕರೆಯುವುದು ಬಿಟ್ಟ. ಇಬ್ಬರ ನಡುವಿನ ಬಾಗಿಲಿಗೆ ಕಲ್ಲು ಪೇರಿಸಿದರು. ಓಣಿಯ ಸುದ್ದಿ ಪಡಸಾಲೆಗೆ ಬಂದಂತೆಲ್ಲ ಮಾವನವರ ಮುಖಕ್ಕೆ ಕಳೆ ಬರುತ್ತಿತ್ತು. "ಈಗ ಬಣ್ಣ ತಿರಗಾಕ ಹತ್ತೈತಿ" ಎಂದು ಒಂದು ದಿನ ನಮ್ಮ ಮನೆಯವರಿಗೆ ಹೇಳಿದ್ದನ್ನು ಈ ಕಿವಿಯಿಂದ ಕೇಳಿದ್ದೇನೆ.

ಊರಿನ ಮನೆಗಳ ಗೋಡೆ, ಮಾಳಿಗೆ ಎಲ್ಲ ನೋಡುತ್ತಿದ್ದವನು ಗೌಂಡಿ ಇಮಾಮಸಾಬ. ಮಣ್ಣು ಕಲಸಿ ಗೋಡೆ ಕಟ್ಟುವುದರಲ್ಲಿ ಅವನಷ್ಟು ತಿಳಿದವರಿರಲಿಲ್ಲ. ಯಾರೂ ಕರೆಯದೆ ಅವನೇ ಒಂದು ದಿನ ಬಂದು ಪಡಸಾಲೆಯ ಕೆಳಗೆ ನಿಂತ.

"ಯಜಮಾನ್ರ, ಸಂಗಪ್ಪನ ಗ್ವಾಡಿ ಬುಡಕ್ಕ ಕೈ ಹಚ್ಚಿ ನೋಡಿದ್ನಿರಿ. ಬೆರಳು ಒಳಗ ಹೋಗ್ತೈತಿ. ಎರಡು ಕಲ್ಲು ಸರಿಸಿ ಹರನಾಳಗಿ ತಿರುವಿ, ಬುಡಕ್ಕ ನಾಕು ಬುಟ್ಟಿ ಗಟ್ಟಿ ಮಣ್ಣು ಹಾಕಿದ್ರ ಮುಗೀತು. ಅರ್ಧ ದಿನದ ಕೆಲಸ. ಮುಂದಿನ ದೊಡ್ಡ ಮಳಿ ಅದು ತಡಿಯೂದಿಲ್ರಿ."

"ನಿನಗ ಯಾರು ಹೇಳಿದ್ರು ಕೈ ಹಚ್ಚಾಕ?"

"ಯಾರೂ ಹೇಳಿಲ್ರಿ. ಹಾದು ಹೋಗ್ತಿದ್ನಿ, ಕಂಡ್ತು."

"ಕಂಡದ್ದಕ್ಕೆಲ್ಲ ಕೈ ಹಚ್ಚಬ್ಯಾಡ. ಅದು ಬರೇ ಗ್ವಾಡಿ ಅಲ್ಲ, ಅಣ್ಣ ತಮ್ಮರ ನಡುವಿನ ಖಟ್ಲೆ. ಅದರ ವ್ಯಾಳ್ಯಾ ಬಂದಾಗ ನಾನ ಹೇಳಿ ಕಳಸ್ತೇನಿ."

ಇಮಾಮಸಾಬ ಸಲಾಮು ಮಾಡಿ ಹೋದ. ಹಿಂದೆಯೇ ನಾನು ಕೊಡ ಎತ್ತಿಕೊಂಡು ಬಾವಿಗೆ ಹೋದೆ. ಈರಣ್ಣನ ಹೆಂಡತಿ ಗೌರವ್ವ ನೀರು ಸೇದುತ್ತಿದ್ದಳು. ಆಚೆ ಬದಿಗೆ ಸಂಗಪ್ಪನ ಹೆಂಡತಿ ನೀಲವ್ವ ಮುಖ ತಿರುವಿ ನಿಂತಿದ್ದಳು. ಗೌಂಡಿ ಹೇಳಿದ್ದನ್ನು ಇಬ್ಬರಿಗೂ ಕೇಳುವಂತೆ ಹೇಳಿದೆ. ಗೌರವ್ವ ಹಗ್ಗ ಹಿಡಿದುಕೊಂಡೇ, "ನಮ್ಮವರು ಆಡಿದ ಮಾತು ತಿರುಗಿ ನುಂಗೂ ಪೈಕಿ ಅಲ್ಲ. ಆದ್ರ ಅವರಿಲ್ಲದಾಗ ತಿರುವಿದ್ರ ಬಂದು ನೋಡಿ ಸುಮ್ಮನಾಗ್ತಾರ" ಎಂದಳು. ನೀಲವ್ವ ಈ ಕಡೆ ತಿರುಗಿದಳು. "ಶನಿವಾರ ಇಬ್ರೂ ಇಳಕಲ್ಲಿಗೆ ಹೋಗ್ತಾರ" ಎಂದಳು. ವರ್ಷದ ಮೇಲೆ ಅವಳು ಓರಗಿತ್ತಿಗೆ ಆಡಿದ ಮೊದಲ ಮಾತು ಅದು.

ಶನಿವಾರ ಇಮಾಮಸಾಬ ಮಾಳಿಗೆ ಹತ್ತಿದ. ಕೆಳಗೆ ಗೌರವ್ವ ಮಣ್ಣು ಕಲಸಿದ್ದಳು, ನೀಲವ್ವ ಬುಟ್ಟಿ ಎತ್ತಿ ಕೊಡುತ್ತಿದ್ದಳು. ನಾನು ತುಂಬಿದ ಕೊಡ ಇಳಿಸಿ ಗೋಡೆಗೆ ಒರಗಿ ನೋಡುತ್ತಿದ್ದೆ. ಒಂದು ಕಲ್ಲು ಸರಿದಿತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮಾವನವರ ಕೋಲಿನ ಸದ್ದು ಕೇಳಿತು. ಯಾರು ಹೋಗಿ ಹೇಳಿದರೋ ಇಂದಿಗೂ ಗೊತ್ತಿಲ್ಲ.

ಅವರು ಕೂಗಾಡಲಿಲ್ಲ. ಮೇಲೆ ನೋಡಿ, "ಇಳಿ ಕೆಳಗ" ಎಂದರು.

"ಯಜಮಾನ್ರ, ಇನ್ನೊಂದು ಕಲ್ಲು ಉಳದೈತ್ರಿ."

"ಗಂಡಸರು ಊರಾಗಿಲ್ಲ. ನ್ಯಾಯ ಆಗಿಲ್ಲ. ಹೆಂಗಸರು ಮಣ್ಣು ಕಲಸಿ ಕೊಟ್ಟಾರಂತ ನೀ ಮಂದಿ ಮಾಳಗಿ ಹತ್ತಿದಿ. ನಾಳೆ ಈರಣ್ಣ ಬಂದು ಕೇಳಿದ್ರ ಏನು ಹೇಳ್ತಿ? ಆ ಕಲ್ಲು ಇದ್ದಲ್ಲೇ ಇಟ್ಟು ಇಳಿ."

ಇಮಾಮಸಾಬ ನಮ್ಮ ಮೂವರ ಮುಖ ನೋಡಿದ. ಗೌರವ್ವ ಸೆರಗು ಎಳೆದುಕೊಂಡು ಒಳಗೆ ಹೋದಳು. ನೀಲವ್ವ ಬುಟ್ಟಿ ಹಿಡಿದು ನಿಂತೇ ಇದ್ದಳು. ನಾನು ಹೇಳಬಹುದಿತ್ತು, "ಮಾವಾರ, ನಾನ ಹೇಳಿ ಮಾಡಸಾಕ ಹತ್ತೇನಿ, ಮುಗೀಲಿ ಬಿಡ್ರಿ" ಎಂದು. ಇಳಿಸಿದ್ದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡೆ. ಇಮಾಮಸಾಬ ಕಲ್ಲನ್ನು ಮೊದಲಿನ ಜಾಗಕ್ಕೆ ಇಟ್ಟು ಇಳಿದ.

ಮನೆಗೆ ಬಂದ ಮೇಲೆ ಮಾವನವರು ನನ್ನ ಕಡೆ ನೋಡದೆಯೇ, "ನಿಮ್ಮತ್ತಿಗೆ ಒಂದು ಚಾಳಿ ಇತ್ತು. ಅದು ನಿನಗೂ ಹತ್ತಿದಂಗ ಕಾಣ್ತೈತಿ" ಎಂದರು. ಅವರು ಬೈದದ್ದು. ಈಗ ನೆನೆದರೆ, ಆ ಮನೆಯಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ.

ಉತ್ತರಿ ಮಳೆ ಆ ವರ್ಷ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ದಿನ ಬಿಸಿಲು ಬಿತ್ತು. ಮಳೆ ನಿಂತಿತಲ್ಲ ಎಂದು ಸಂಗಪ್ಪ ಮಗ್ಗಕ್ಕೆ ಇಳಿದ. ನೆನೆದ ಗೋಡೆ ಬೀಳುವುದು ಬಿಸಿಲಿಗೆ ಎಂದು ಇಮಾಮಸಾಬ ಆಮೇಲೆ ಹೇಳಿದ. ಹೊತ್ತು ನೆತ್ತಿಗೆ ಬರುವ ಸಮಯ. ನಾನು ಹಿತ್ತಲಲ್ಲಿ ಶೇಂಗಾ ಒಣಹಾಕುತ್ತಿದ್ದೆ. ಚೀಲ ಕೆಡವಿದಂತೆ ಒಂದು ಮೆತ್ತಗಿನ ಸದ್ದು ಬಂತು, ಆಮೇಲೆ ನೀಲವ್ವನ ಕೂಗು.

ನಾನು ಹೋದಾಗ ಈರಣ್ಣ ಮಣ್ಣನ್ನು ಕೈಯಿಂದ ಬಗೆಯುತ್ತಿದ್ದ. ಸಲಿಕೆ ಪಕ್ಕದಲ್ಲೇ ಇತ್ತು, ಅದು ತಮ್ಮನಿಗೆ ತಾಗೀತೆಂದು ಮುಟ್ಟಿರಲಿಲ್ಲ. ಉಗುರು ಕಿತ್ತು ಬೆರಳೆಲ್ಲ ರಕ್ತ. ಸಂಗಪ್ಪನ ತಲೆ, ಎದೆ ಹೊರಗಿದ್ದವು; ಸೊಂಟದ ಕೆಳಗೆ ಕುಣಿ ತುಂಬ ಮಣ್ಣು, ಕಲ್ಲು. ಅವನಿಗೆ ಪ್ರಜ್ಞೆ ಇತ್ತು. "ಅಣ್ಣಾ, ಹಾಸು ಹರೀತೇನು ನೋಡು" ಎಂದ. ಈರಣ್ಣ, "ಹರದಿಲ್ಲೋ ತಮ್ಮಾ, ಹರದಿಲ್ಲ, ನೀ ಸುಮ್ಮನಿರು" ಎಂದ. ಹಾಸು, ಮಗ್ಗ ಒಂದೂ ಉಳಿದಿರಲಿಲ್ಲ.

ಬಂಡಿಯಲ್ಲಿ ಹುಲ್ಲು ಹಾಸಿ ಬಾಗಲಕೋಟೆಯ ದವಾಖಾನೆಗೆ ಒಯ್ದರು. ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ಇನ್ನೊಂದು ಉಳಿಯಿತು, ಆದರೆ ನೆಲಕ್ಕೆ ಊರಲು ಬರದಂತೆ ಉಳಿಯಿತು. ಅಣ್ಣ ಅಲ್ಲೇ ತಮ್ಮನ ಮಂಚದ ಕೆಳಗೆ ಮಲಗಿದ. ಊರಲ್ಲಿ ಗೌರವ್ವ ನಡುವಿನ ಬಾಗಿಲಿಗೆ ಪೇರಿಸಿದ್ದ ಕಲ್ಲನ್ನು ತೆಗೆದು, ನೀಲವ್ವನನ್ನೂ ಮಕ್ಕಳನ್ನೂ ತನ್ನ ಕಡೆ ಕರೆದುಕೊಂಡಳು. ಎರಡು ಒಲೆಗಳಲ್ಲಿ ಒಂದೇ ಹೊತ್ತುತ್ತಿತ್ತು. ನಾನೇ ದಿನಾ ನೋಡುತ್ತಿದ್ದೆ. ಹಂಚಿದ್ದ ಮನೆಯನ್ನು ಯಾವ ಪಂಚರ ಮಾತೂ ಇಲ್ಲದೆ ಇಬ್ಬರು ಹೆಂಗಸರು ಕೂಡಿಸಿದ್ದರು.

ಸಂಗಪ್ಪ ಊರಿಗೆ ಬಂದ ಎಂಟು ದಿನಕ್ಕೆ ಮಾವನವರು ಸಭೆ ಕರೆದರು.

ಮಠದ ಮುಂದಿನ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿದ್ದರು. ಪಕ್ಕದ ಊರುಗಳಿಂದಲೂ ಹಿರಿಯರು ಬಂದಿದ್ದರು. ನಾವು ಹೆಂಗಸರು ಕಟ್ಟೆಯ ಹಿಂದೆ ನಿಂತಿದ್ದೆವು. ಮಾವನವರು ಒಂದು ತಾಸು ಮಾತಾಡಿದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಬಗ್ಗೆ ಮಾತಾಡಿದರು, ಹಟದ ಬಗ್ಗೆ ಮಾತಾಡಿದರು. ಮಾತು ಚೆನ್ನಾಗಿತ್ತು, ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ ಎರಡು ತೀರ್ಪು ಕೊಟ್ಟರು. ಮೊದಲನೆಯದು, ಹರನಾಳಿಗೆಯನ್ನು ತಿರುಗಿಸತಕ್ಕದ್ದು. ಅದು ನೀರು ಸುರಿಯುತ್ತಿದ್ದ ಗೋಡೆ ಆಗ ಇರಲಿಲ್ಲ. ಎರಡನೆಯದು, ಅಣ್ಣ ತಮ್ಮನನ್ನು ಅಪ್ಪಿಕೊಳ್ಳತಕ್ಕದ್ದು.

ಈರಣ್ಣ ಏನು ಮಾಡಬೇಕೆಂದು ತಿಳಿಯದೆ ಸುತ್ತಲೂ ನೋಡಿದ. ತಮ್ಮನನ್ನು ಮನೆಯಿಂದ ಆ ಗಿಡದವರೆಗೆ ಬೆನ್ನ ಮೇಲೆ ಹೊತ್ತು ತಂದವನೇ ಅವನು. ಎರಡು ಕೈಯಿಂದ ಹಿಡಿದು ಇಳಿಸಿ ಕೂರಿಸಿ, ಬೆವರು ಒರೆಸಿಕೊಳ್ಳುತ್ತಿದ್ದ. ಅಪ್ಪಿಕೊಳ್ಳಿರಿ ಎಂದಾಗ ಮತ್ತೆ ಬಗ್ಗಿ ಅಪ್ಪಿಕೊಂಡ. ನನ್ನ ಪಕ್ಕದಲ್ಲಿದ್ದ ನೀಲವ್ವ ನಕ್ಕುಬಿಟ್ಟಳು. ಜನ ತಿರುಗಿ ನೋಡಿದರು. ದುಃಖಕ್ಕೆ ತಲೆ ಕೆಟ್ಟಿರಬೇಕೆಂದು ಒಬ್ಬಾಕೆ ಅವಳ ಬೆನ್ನು ಸವರಿದಳು. ಅಷ್ಟರಲ್ಲಿ ಪಂಚರು ಎದ್ದು ಮಾವನವರಿಗೆ ರುಮಾಲು ಸುತ್ತಿದರು. ಇಮಾಮಸಾಬ ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೆಲ ನೋಡುತ್ತಿದ್ದ.

ಮನೆಗೆ ಬಂದು ಮಾವನವರು ಮಜ್ಜಿಗೆ ಕೇಳಿದರು. ಕೊಟ್ಟೆ. ದಣಿದಿದ್ದರು, ಆದರೆ ಮುಖ ಅರಳಿತ್ತು. ಅವತ್ತು ಎಲ್ಲಿಂದ ಧೈರ್ಯ ಬಂತೋ, ಬಾಗಿಲ ಮರೆಯಿಂದಲೇ ಹೇಳಿದೆ.

"ಮಾವಾರ, ಆ ಅಣ್ಣ ತಮ್ಮರು ಒಂದಾಗಿ ತಿಂಗಳಾತ್ರಿ. ಗ್ವಾಡಿ ಬಿದ್ದ ದಿನಾನ ಒಂದಾದ್ರು."

ಅವರು ಮಜ್ಜಿಗೆ ಕುಡಿದು ಮುಗಿಸಿದರು. ತಂಬಿಗೆ ಕೆಳಗಿಟ್ಟು, ಸ್ವಲ್ಪವೂ ಅಳುಕದೆ, "ಗೊತ್ತೈತವ್ವಾ. ಆದ್ರ ಊರಿಗೆ ಗೊತ್ತಾಗಬೇಕಲ್ಲ" ಎಂದರು.

ಅವರಿಗೆ ತಿಳಿದಿಲ್ಲ ಎಂದುಕೊಂಡು ಅಲ್ಲಿಯವರೆಗೆ ನಾನು ಅವರ ಮೇಲೆ ಒಂದಿಷ್ಟು ಕನಿಕರ ಉಳಿಸಿಕೊಂಡಿದ್ದೆ. ಅದೂ ಅವತ್ತಿಗೆ ತೀರಿತು.

ಮುಂದೆ ಅವರ ಕೀರ್ತಿ ಇಳಿಯಲಿಲ್ಲ, ಏರಿತು. ಹುನಗುಂದದ ಕಡೆಯಿಂದ ಬಂಡಿಗಳು ಬರತೊಡಗಿದವು. ಸಂಗಪ್ಪನ ಕಾಲಿನ ಕತೆ ಊರೂರು ತಿರುಗಿ, ಕಾಲು ಹೋದ ತಮ್ಮನನ್ನೂ ಕಲ್ಲೆದೆಯ ಅಣ್ಣನನ್ನೂ ಕೂಡಿಸಿದ ಯಜಮಾನರ ಕತೆಯಾಯಿತು. ಮಾಡಿದ್ದಕ್ಕೆ ಅವರಿಗೆ ತಕ್ಕ ಶಾಸ್ತಿಯಾಯಿತು ಎಂದು ಬರೆಯುವಂತಿದ್ದರೆ ನನಗೂ ಸಮಾಧಾನವಿತ್ತು. ಹಾಗೇನೂ ಆಗಲಿಲ್ಲ. ತುಂಬಿದ ವಯಸ್ಸಿನಲ್ಲಿ, ಮೂರು ದಿನದ ಜ್ವರದಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಶಾಂತವಾಗಿ ಹೋದರು.

ಅಂದು ನೋಡಲು ಬಂದವರಲ್ಲಿ ಸಂಗಪ್ಪನೂ ಇದ್ದ. ಈರಣ್ಣನೇ ಹೊತ್ತು ತಂದಿದ್ದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, ಹತ್ತು ಮಂದಿಯ ಎದುರಿಗೆ, "ಅವರಿಲ್ಲಂದ್ರ ನಾವು ಅಣ್ಣ ತಮ್ಮರು ಕೂಡತಿರಲಿಲ್ಲವ್ವಾ" ಎಂದು ಕಣ್ಣೊರೆಸಿಕೊಂಡ. ಪಾಪ, ಇವನೂ ನಂಬಿದ್ದಾನೆ. ಕಾಲು ಹೋದವನಿಗೆ ಆ ನಂಬಿಕೆಯಾದರೂ ಇರಲಿ ಎಂದುಕೊಂಡು ಸುಮ್ಮನೆ ತಲೆಯಾಡಿಸಿದೆ. ನನ್ನ ಪಾಲಿನ ಸುಳ್ಳು ಅಂದು ಅಷ್ಟೇ ಇತ್ತು, ಬಾಗಿಲಲ್ಲಿ ನಿಂತು ಒಮ್ಮೆ ತಲೆಯಾಡಿಸಿದಷ್ಟು.

ಈ ವರ್ಷ ಓಣಿಯವರು ಕೂಡಿ ಬಾವಿಯ ಹತ್ತಿರ ಒಂದು ಕಟ್ಟೆ ಕಟ್ಟಿಸಿದರು. ಅದಕ್ಕೆ ಮಾವನವರ ಹೆಸರಿನ ಕಲ್ಲು ಹಾಕಿಸುವುದೆಂದಾಯಿತು. ಅಕ್ಷರ ಬರೆದುಕೊಟ್ಟವರು ಸಾಲೆಯ ಹೊಸ ಮಾಸ್ತರರು, ಬೇರೆ ಊರಿನವರು. ನನಗೆ ಓದು ಬರುತ್ತದೆಂದು ಕೇಳಿ ಕಾಗದವನ್ನು ತೋರಿಸಲು ಬಂದರು. ಒಡೆದ ಮನೆಗಳನ್ನು ಕೂಡಿಸಿದ ಹಿರಿಯರು ಎಂದು ಬರೆದು, ಕೆಳಗೆ ಈರಣ್ಣ ಸಂಗಪ್ಪರ ಹೆಸರನ್ನೂ ಸಾಕ್ಷಿಗೆ ಹಾಕಿದ್ದರು. ಒಂದು ಕಡೆ ಒತ್ತಕ್ಷರ ತಪ್ಪಿತ್ತು. ನಾನು ಅದನ್ನು ತಿದ್ದಿ ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಹೋದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಒತ್ತಕ್ಷರ ತಿದ್ದಿದವಳು ನಾನು.

ಸೆರಗು ಹೊದ್ದು ನೇರವಾಗಿ ಸಂಗಪ್ಪನ ಮನೆಗೆ ಹೋದೆ. ಅವನು ಗೋಡೆಗೆ ಒರಗಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ. ಕಾಲು ಹೋದಂದಿನಿಂದ ಅವನ ಕೆಲಸ ಅದೇ. ಅವನು ಸುತ್ತಿದ ಕಂಡಿಕೆಯಿಂದ ಅಣ್ಣ ನೇಯುತ್ತಾನೆ. ಶನಿವಾರದ ಸಂಗತಿಯನ್ನು, ಇಮಾಮಸಾಬನನ್ನು ಮಾಳಿಗೆಯಿಂದ ಇಳಿಸಿದ್ದನ್ನು, ಆಮೇಲೆ ಮಾವನವರು ನನ್ನೆದುರು ಆಡಿದ ಮಾತನ್ನು ಒಂದೂ ಬಿಡದೆ ಹೇಳಿದೆ. ಅವನ ಕೈ ನಿಲ್ಲಲಿಲ್ಲ.

"ಶನಿವಾರದ್ದು ನನಗ ಗೊತ್ತೈತ್ರಿ. ನೀಲವ್ವ ಬಾಗಲಕೋಟಿ ದವಾಖಾನಿಗೆ ನೋಡಾಕ ಬಂದಾಗನ ಹೇಳಿದ್ಳು."

"ಮತ್ತ ಅವತ್ತು ಹಂಗ್ಯಾಕ ಅಂದಿ, ಅವರಿಲ್ಲಂದ್ರ ಕೂಡತಿರಲಿಲ್ಲ ಅಂತ?"

ಸಂಗಪ್ಪ ನನ್ನನ್ನು ಆಶ್ಚರ್ಯದಿಂದ ನೋಡಿದ. "ಸತ್ತ ಮನಿ ಬಾಗಲಾಗ ನಿಂತಿದ್ರಿ. ನೀವು ಆ ಮನಿ ಸೊಸಿ. ನಿಮ್ಮ ಮುಂದ ಇನ್ನೇನು ಅನ್ನಬೇಕಿತ್ರಿ? ನಿಮಗ ಸಮಾಧಾನ ಆಗ್ಲಿ ಅಂತ ಅಂದ್ನಿ. ನೀವೂ ತಲಿ ಆಡಿಸಿದ್ರಿ."

ಅವನಿಗಾಗಿ ನಾನು, ನನಗಾಗಿ ಅವನು ಬಿಟ್ಟುಕೊಟ್ಟ ಒಂದು ಮಾತು ಏಳು ವರ್ಷದಲ್ಲಿ ಕಲ್ಲಿನ ಮೇಲೆ ಏರುವಷ್ಟು ಬೆಳೆದಿತ್ತು.

"ಕಲ್ಲು ಬಂತೇನ್ರಿ?" ಎಂದು ಕೇಳಿದ.

"ಬಾದಾಮಿಯಿಂದ ಬಂಡಿ ನಾಳೆ ಬರ್ತೈತಂತ. ಅಕ್ಷರ ಇಲ್ಲೇ ಕೊರಸ್ತಾರ."

ಅವನು ಕಂಡಿಕೆಯನ್ನು ಬುಟ್ಟಿಗೆ ಹಾಕಿ, "ಅಣ್ಣಾ, ಮಗ್ಗ ಬಿಟ್ಟು ಬಾ. ಮಾಸ್ತರ ಮನಿಗೆ ಹೋಗೂದೈತಿ" ಎಂದು ಕರೆದ. ಈರಣ್ಣ ಬಂದು, ಏನು ಏಕೆ ಎಂದು ಕೇಳದೆ, ಬೆನ್ನು ಬಗ್ಗಿಸಿ ಕುಳಿತ.

ಮಾಸ್ತರರು ನಮ್ಮ ಮೂವರನ್ನೂ ಕೂರಿಸಿ, ಕಾಗದ ತೆಗೆದು ಎದುರಿಗಿಟ್ಟುಕೊಂಡು, ಎಲ್ಲವನ್ನೂ ಕೇಳಿದರು. ಅವರಿಗೆ ಬೇಸರವಾದದ್ದು ಕಾಣುತ್ತಿತ್ತು. ಚೆನ್ನಾಗಿ ಬರೆದಿದ್ದರು.

"ಹಂಗಾದ್ರ ನಿಮ್ಮಿಬ್ಬರನ್ನ ಕೂಡಿಸಿದವರು ಯಾರು?" ಎಂದರು.

"ಗ್ವಾಡಿರಿ" ಎಂದ ಸಂಗಪ್ಪ. "ನಮ್ಮ ಹೆಸರು ಇರಬೇಕಂದ್ರ ಹಂಗ ಬರಕೋರಿ. ಗ್ವಾಡಿ ಬಿದ್ದು ಕೂಡಿದ್ರು ಅಂತ."

ಮಾಸ್ತರರು ಬರೆದುಕೊಳ್ಳಲಿಲ್ಲ. ಮೊದಲು ಬರೆದದ್ದೇ ಇರಲಿ ಎನ್ನಲು ಓಣಿಯ ಹಿರಿಯರು ಎರಡು ದಿನ ನಮ್ಮ ಮನೆಗೆ ಬಂದು ಹೋದರು, ನಮ್ಮ ಮನೆಯವರು ನನ್ನೊಡನೆ ನಾಲ್ಕು ದಿನ ಮಾತು ಬಿಟ್ಟರು. ಬಾದಾಮಿಯ ಬಂಡಿ ಮಾತ್ರ ಹೇಳಿದ ದಿನಕ್ಕೇ ಬಂತು. ಕಲ್ಲು ಒಳ್ಳೆಯದು, ಕೆಂಪು ಬಣ್ಣದ್ದು, ನುಣ್ಣಗೆ ಕಡೆದದ್ದು. ಕಟ್ಟೆಯ ಮೇಲೆ ಕೂರಿಸಿದ್ದಾರೆ, ಅದರ ಮೇಲೆ ಒಂದು ಅಕ್ಷರವೂ ಇಲ್ಲ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಲು ಅನುಕೂಲವಾಗಿದೆ ಅನ್ನುತ್ತಾರೆ.